ನಂಬರಮ್ಮನ ಒಂಬತ್ತು ಅಂಕಿ

ಟಿಕೆಟ್ ಪ್ರೆಸ್ಸಿನಲ್ಲಿ ಎಲ್ಲರೂ ಆಕೆಯನ್ನು ನಂಬರಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೆ ಕರೆದರೆ ಓಗೊಡುತ್ತಿದ್ದಳು. ಬೆನ್ನ ಹಿಂದೆ ಕರೆದರೆ, "ಇಲ್ಲೇ ಇದ್ದೀನಪ್ಪಾ, ಕಿವಿ ಇನ್ನೂ ರಿಟೈರಾಗಿಲ್ಲ" ಎನ್ನುತ್ತಿದ್ದಳು. ಊರಿನ ಬಸ್ಸುಗಳಲ್ಲಿ ಕೊಡುವ ಅಷ್ಟೂ ಟಿಕೆಟ್ಟು ಅಚ್ಚಾಗುತ್ತಿದ್ದದ್ದು ಆ ಪ್ರೆಸ್ಸಿನಲ್ಲೇ, ಒಂದೇ ಮೆಷಿನ್ನಿನಲ್ಲಿ, ಒಂದರ ಹಿಂದೊಂದು ನಂಬರು ಹಾಕಿಸಿಕೊಂಡು. ನೂರು ಟಿಕೆಟ್ಟಿಗೆ ಒಂದು ಕಟ್ಟು. ಕಟ್ಟು ಕಟ್ಟಾಗಿ ಅವು ಪಡುವಣ ಕಿಟಕಿಯ ಕೆಳಗಿದ್ದ ನಂಬರಮ್ಮನ ಮೇಜಿಗೆ ಬರುತ್ತಿದ್ದವು. ಎಡಗೈಯಲ್ಲಿ ಕಟ್ಟು ಹಿಡಿದು ಬಲಗೈ ಹೆಬ್ಬೆರಳಿನಿಂದ ಒಮ್ಮೆ ಪರ್ರೆಂದು ಬಿಡಿಸಿದರೆ ಆಕೆಯ ಕೆಲಸ ಮುಗಿಯಿತು. ನಡುವೆ ಒಂದು ನಂಬರು ತಪ್ಪಿದ್ದರೆ, ಬಾಯಲ್ಲಿ ಒಂದು ಹಲ್ಲು ಕಡಿಮೆಯಾದದ್ದು ನಾಲಿಗೆಗೆ ಗೊತ್ತಾಗುವಂತೆ ಆಕೆಯ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.

ಯಾವುದಾದರೂ ಟಿಕೆಟ್ಟು ಮಸಿ ಹತ್ತಿಯೋ ಅಂಕಿ ಓರೆಯಾಗಿಯೋ ಕೆಟ್ಟಿದ್ದರೆ ಅದನ್ನು ನಾಲ್ಕು ತುಂಡು ಮಾಡಿ ಹರಿಯಬೇಕು. ನಂಬರಿಲ್ಲದ ಒಂದು ಖಾಲಿ ಟಿಕೆಟ್ಟು ತೆಗೆದುಕೊಂಡು, ಒಂಬತ್ತು ಪುಟ್ಟ ಚಕ್ರಗಳಿರುವ ಕೈಮುದ್ರೆಯಲ್ಲಿ ಅದೇ ನಂಬರನ್ನು ತಿರುಗಿಸಿ ಒತ್ತಿ, ಕೆಟ್ಟದ್ದರ ಜಾಗದಲ್ಲಿ ಇಡಬೇಕು. ಒಂದು ನಂಬರಿಗೆ ಒಂದೇ ಟಿಕೆಟ್ಟು. ಇದು ಪ್ರೆಸ್ಸಿನ ರೂಲು. ನಂಬರಮ್ಮನಿಗೆ ಮಾತ್ರ ರೂಲಿಗಿಂತ ಹೆಚ್ಚಿನದು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಇಡೀ ದಿನ ಅಂಕಿ ನೋಡುವವಳಿಗೆ ತಲೆ ಒಣಗಿಹೋಗುವುದಿಲ್ಲವೇ ಎಂದು ಕೇಳಬಹುದು. ನಿಜ ಹೇಳಬೇಕೆಂದರೆ ಅಷ್ಟು ಕನಸು ಕಾಣಲು ಬಿಡುವಿದ್ದ ಕೆಲಸ ಇಡೀ ಊರಿನಲ್ಲಿ ಇನ್ನೊಂದಿರಲಿಲ್ಲ. ಕಣ್ಣು ಅಂಕಿಯ ಮೇಲೆ, ಮನಸ್ಸು ಊರ ಮೇಲೆ. ಈ ಟಿಕೆಟ್ಟು ಹಿಡಿದು ಯಾರೋ ಪರೀಕ್ಷೆ ಬರೆಯಲು ಹೋಗುತ್ತಾರೆ. ಇದರ ಪಕ್ಕದ್ದನ್ನು ಒಬ್ಬ ಅಜ್ಜ ಬೆರಳಿಗೆ ಸುತ್ತಿಕೊಂಡು ಹೊಸ ಮೊಮ್ಮಗುವನ್ನು ನೋಡಲು ಆಸ್ಪತ್ರೆಗೆ ಹೊರಟಿರುತ್ತಾನೆ. ಅದರಾಚೆಯದ್ದು ಕಿಟಕಿಯಿಂದ ಹಾರಿ, ಯಾರದೋ ಮಹಡಿಯ ಒಣಗುವ ಬಟ್ಟೆಗಳ ನಡುವೆ ಸಿಕ್ಕಿಕೊಂಡು ಎರಡು ದಿನ ಅಲ್ಲೇ ಇರುತ್ತದೆ. ಮೆಷಿನ್ನು ತಟಕ್ ತಟಕ್ ಎನ್ನುತ್ತಿತ್ತು, ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಹರಿದಾಡುತ್ತಿತ್ತು, ನಂಬರಮ್ಮ ಕೂತಲ್ಲೇ ಊರೆಲ್ಲ ಸುತ್ತಿ ಬರುತ್ತಿದ್ದಳು.

ಆಕೆ ಕೆಲಸಕ್ಕೆ ಸೇರಿದಾಗ ಇಪ್ಪತ್ತೊಂದು ವರ್ಷ. ಆಗ ಇದ್ದದ್ದು ಹಳೆಯ ಮೆಷಿನ್ನು. ಸೇರಿದ ಮೊದಲ ತಿಂಗಳಲ್ಲೇ ಅದರ ಒಂದು ಚಕ್ರ ಸಿಕ್ಕಿಕೊಂಡು ಒಂದೇ ನಂಬರು ಎರಡು ಸಲ ಬಂತು. ಹೊಸ ಕೈ, ಕಣ್ಣು ತಪ್ಪಿತು, ಕಟ್ಟು ಹೊರಗೆ ಹೋಯಿತು. ಹಳೆಯ ಟಿಕೆಟ್ಟನ್ನೇ ಮತ್ತೆ ಕೊಡುತ್ತಿದ್ದಾನೆಂದು ಒಬ್ಬ ಕಂಡಕ್ಟರನನ್ನು ಮೂರು ತಿಂಗಳು ಮನೆಯಲ್ಲಿ ಕೂರಿಸಿದರು. ಕೊನೆಗೆ ನಿಜ ಗೊತ್ತಾದಾಗ ಆತ ಪ್ರೆಸ್ಸಿಗೆ ಬಂದ. ಕೂಗಾಡಲಿಲ್ಲ. ಎರಡು ಟಿಕೆಟ್ಟನ್ನೂ ಅಂಗೈ ಮೇಲಿಟ್ಟು ಹುಡುಗಿಯ ಮುಂದೆ ಹಿಡಿದು, "ಇದ್ರಲ್ಲಿ ಸುಳ್ಳು ಯಾವುದಮ್ಮ?" ಎಂದು ಕೇಳಿದ. ಬೈದಿದ್ದರೆ ಮರೆತುಬಿಡುತ್ತಿದ್ದಳೋ ಏನೋ; ಆ ಮೆತ್ತನೆಯ ಪ್ರಶ್ನೆ ಮಾತ್ರ ಜೀವಮಾನವಿಡೀ ಜೊತೆಗೇ ಉಳಿಯಿತು.

ಆ ಗಲಾಟೆಯಿಂದಾಗಿ ಹಳೆಯ ಮೆಷಿನ್ನು ಗುಜರಿಗೆ ಹೋಯಿತು, ಹೊಸದು ಬಂತು. ಅದನ್ನು ಜೋಡಿಸಲು ಒಬ್ಬ ಮೆಕ್ಯಾನಿಕ್ಕೂ ಬಂದರು. ಕಡ್ಡಿಯಂಥ ಮೈ, ಕಿವಿಯ ಹಿಂದೆ ಪೆನ್ಸಿಲ್ಲು, ಮಾತಿಗೊಮ್ಮೆ ನಗು. ಹೊಸ ಮೆಷಿನ್ನು ಒಂದನೆಯ ನಂಬರಿನಿಂದ ಶುರುವಾಗಬೇಕು; ಅದಕ್ಕೆ ಮೊದಲು ಚಕ್ರಗಳೆಲ್ಲ ಸರಿಯಾಗಿ ತಿರುಗುತ್ತವೆಯೇ ಎಂದು ನೋಡಲು ಆತ ಯಾವುದೋ ಒಂದು ನಂಬರು ಇಟ್ಟು ಒಂದೇ ಒಂದು ಟಿಕೆಟ್ಟು ಅಚ್ಚು ಹಾಕಿದರು. ಅದನ್ನು ತಂದು ಆಕೆಯ ಮೇಜಿನ ಮೇಲಿಟ್ಟು, "ಇದನ್ನ ಸ್ವಲ್ಪ ನೋಡಿ" ಎಂದರು.

ಆಕೆ ನೋಡಿದಳು. 381654729. ಇನ್ನೂ ಸರದಿ ಬಾರದ ನಂಬರು. ಪರೀಕ್ಷೆಯ ಟಿಕೆಟ್ಟನ್ನು ಹರಿಯಬೇಕು. ಕಂಡಕ್ಟರನ ಅಂಗೈ ಕಣ್ಮುಂದೆ ಬಂತು. ಆತ ಬಾಯಿ ತೆರೆಯುವಷ್ಟರಲ್ಲಿ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಹರಿದು ತಗಡಿನ ಡಬ್ಬಕ್ಕೆ ಹಾಕಿಬಿಟ್ಟಳು.

"ಅಯ್ಯಯ್ಯೋ! ಐದು ತಿಂಗಳು ಹುಡುಕಿದ ನಂಬರು ಕಣ್ರೀ ಅದು!"

"ಹುಡುಕೋದಕ್ಕೆ ನಂಬರೇನು ಕಳೆದುಹೋದ ಹಸುವಾ?"

ಆತ ಸಿಟ್ಟಾಗಲಿಲ್ಲ. ಮೇಜಿನ ತುದಿಯಲ್ಲಿ ಕೂತು, ಕಿವಿಯ ಪೆನ್ಸಿಲ್ಲು ತೆಗೆದು, ಒಂದು ಹಾಳು ಕಾಗದದ ಮೇಲೆ ಒಂಬತ್ತು ಅಂಕಿಗಳನ್ನು ಮತ್ತೆ ಬರೆದರು. "ನೋಡಿ, ಒಂದರಿಂದ ಒಂಬತ್ತರವರೆಗೆ ಎಲ್ಲಾ ಅಂಕಿ ಇದೆ. ಯಾವುದೂ ಎರಡು ಸಲ ಬಂದಿಲ್ಲ, ಯಾವುದೂ ಬಿಟ್ಟುಹೋಗಿಲ್ಲ. ಬೆಸ, ಸಮ, ಬೆಸ, ಸಮ ಅಂತ ಒಂದು ಬಿಟ್ಟು ಒಂದು ಕೂತಿವೆ. ಐದು ಸರಿಯಾಗಿ ನಡುಮಧ್ಯದಲ್ಲಿದೆ. ಇದೇನೂ ದೊಡ್ಡದಲ್ಲ ಬಿಡಿ. ಈಗ ಮೊದಲ ಎರಡು ಅಂಕಿ ಮಾತ್ರ ತಗೊಳ್ಳಿ. ಮೂವತ್ತೆಂಟು. ಎರಡರಿಂದ ಭಾಗ ಹೋಗುತ್ತೆ. ಮೊದಲ ಮೂರು, ಮುನ್ನೂರ ಎಂಬತ್ತೊಂದು. ಮೂರರಿಂದ ಹೋಗುತ್ತೆ. ಮೊದಲ ನಾಲ್ಕು ಅಂಕಿ ನಾಲ್ಕರಿಂದ, ಐದು ಅಂಕಿ ಐದರಿಂದ, ಆರು ಅಂಕಿ ಆರರಿಂದ. ಹಿಂಗೇ ಒಂಬತ್ತರವರೆಗೂ. ಎಲ್ಲೂ ಶೇಷ ಉಳಿಯಲ್ಲ. ಒಂದೊಂದೇ ಸಲ ಬರೋ ಒಂಬತ್ತು ಅಂಕಿಗಳಲ್ಲಿ ಇಂಥಾ ನಂಬರು ಇದೊಂದೇ. ಇನ್ನೊಂದಿಲ್ಲ."

ಆಕೆ ಪೆನ್ಸಿಲ್ಲು ಕಿತ್ತುಕೊಂಡು ತಾನೇ ಭಾಗಿಸಿದಳು. ಏಳರ ಹತ್ತಿರ ಎಡವುತ್ತದೆ ಎಂದುಕೊಂಡಿದ್ದಳು, ಏಳು ಯಾರ ಮಾತನ್ನೂ ಕೇಳುವ ಅಂಕಿಯಲ್ಲ. ಮೂವತ್ತೆಂಟು ಲಕ್ಷ ಹದಿನಾರು ಸಾವಿರದ ಐನೂರ ನಲವತ್ತೇಳನ್ನು ಏಳರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂತು. ಆಕೆ ಡಬ್ಬದ ಕಡೆ ನೋಡಿದಳು. ಅದರೊಳಗೆ ಆಗಲೇ ಐವತ್ತು ಟಿಕೆಟ್ಟಿನ ಚೂರುಗಳು ಬಿದ್ದಿದ್ದವು.

"ಇನ್ನೊಂದು ಅಚ್ಚು ಹಾಕಿಕೊಡ್ಲಾ?"

"ಹಾಕಿದ್ರೆ ಅದನ್ನೂ ಹರೀತೀನಿ."

ಆತ ಜೋರಾಗಿ ನಕ್ಕರು. "ಸರಿ ಹಂಗಾದ್ರೆ. ಮೆಷಿನ್ನು ನಾಳೆ ಒಂದರಿಂದ ಹೊರಡುತ್ತೆ. ದಿನಕ್ಕೆ ಮೂವತ್ತಾರು ಸಾವಿರ, ವರ್ಷಕ್ಕೆ ಇನ್ನೂರ ತೊಂಬತ್ತು ದಿನ." ಕಾಗದದ ಮೂಲೆಯಲ್ಲಿ ಗೀಚಿದರು. "ಮೂವತ್ತಾರೂವರೆ ವರ್ಷಕ್ಕೆ ಅದು ತನ್ನ ಕಾಲ ಮೇಲೆ ತಾನೇ ನಡ್ಕೊಂಡು ನಿಮ್ಮ ಮೇಜಿಗೆ ಬರುತ್ತೆ. ಆಗ ಅದು ಸುಳ್ಳು ನಂಬರಲ್ಲ. ಆಗ ನೋಡೋಣ, ಹೆಂಗೆ ಹರೀತೀರಿ ಅಂತ."

"ಅಷ್ಟು ವರ್ಷ ಯಾರು ಕಾಯ್ತಾರೆ?"

"ನಾನು ಕಾಯ್ತೀನಪ್ಪ. ಬೇಕಾದ್ರೆ ನೀವೂ ಜೊತೆಗಿರಿ."

ಮದುವೆಯ ಮಾತನ್ನು ಹೀಗೂ ಎತ್ತಬಹುದು ಎಂದು ಆಕೆಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ, ಅದೂ ಇಳಿಯುವ ಸ್ಟಾಪು ದಾಟಿಹೋದ ಮೇಲೆ.

ಮೆಷಿನ್ನಿನ ಜೊತೆ ಬಂದವರು ಮೆಷಿನ್ನು ಬಿಟ್ಟು ಹೋಗಲಿಲ್ಲ. ಅದೇ ಪ್ರೆಸ್ಸಿನಲ್ಲಿ ಕೆಲಸಕ್ಕೆ ನಿಂತರು. ಎರಡು ಕೋಣೆಯ ಮನೆ, ಒಬ್ಬಳು ಮಗಳು. ಬೇರೆ ಮನೆಗಳಲ್ಲಿ ಜೋಗುಳ ಹಾಡುವ ಹೊತ್ತಿಗೆ ಈ ಮನೆಯಲ್ಲಿ ಅಪ್ಪ ಮಗುವಿನ ಬೆನ್ನು ತಟ್ಟುತ್ತ, ಮೂರನ್ನು ಒಂದರಿಂದ, ಮೂವತ್ತೆಂಟನ್ನು ಎರಡರಿಂದ ಎಂದು ಭಾಗಾಕಾರ ಹೇಳುತ್ತಿದ್ದರು. ಮಗಳು ಆರನೆಯ ಭಾಗಾಕಾರಕ್ಕೆ ತಪ್ಪದೆ ನಿದ್ದೆ ಹೋಗುತ್ತಿದ್ದಳು. ಏಳರಿಂದ ಮುಂದೆ ಏನಾಗುತ್ತದೆ ಎಂಬುದು ಎಷ್ಟೋ ವರ್ಷ ಅವಳಿಗೆ ಗೊತ್ತೇ ಇರಲಿಲ್ಲ. ಆ ಹೊತ್ತಿನಲ್ಲಿ ಆತ ಹೆಂಡತಿಗೆ ಪಿಸುದನಿಯಲ್ಲಿ ಹೇಳುತ್ತಿದ್ದದ್ದು ಬೇರೆ. "ಇದರ ನಿಜವಾದ ಗಮ್ಮತ್ತು ಏನು ಗೊತ್ತಾ? ಕೊನೆಯಿಂದ ಒಂದೊಂದೇ ಅಂಕಿ ಕಳೀತಾ ಬಾ. ಒಂಬತ್ತು ಹೋಯ್ತಾ, ಉಳಿದಿದ್ದು ಎಂಟರಿಂದ ಸರಿಯಾಗಿ ಭಾಗ ಹೋಗುತ್ತೆ. ಎರಡು ಹೋಯ್ತಾ, ಉಳಿದಿದ್ದು ಏಳರಿಂದ. ಎಷ್ಟು ಕಳೆದ್ರೂ ಉಳಿದಿದ್ದು ಕುಂಟಲ್ಲ ಕಣೇ."

"ನಿಮಗೆ ನಿದ್ದೆ ಬರಲ್ವಾ?" ಎನ್ನುತ್ತಿದ್ದಳು ಆಕೆ. ಹಾಗಂದವಳೇ ಕಣ್ಣು ಮುಚ್ಚಿ, ಕೊನೆಯಿಂದ ಒಂದೊಂದೇ ಅಂಕಿ ಕಳೆಯುತ್ತಾ ನಿದ್ದೆಗೆ ಜಾರುತ್ತಿದ್ದಳು. ನಿದ್ದೆಯಲ್ಲಿ ಆ ನಂಬರು ಬಹಳ ದೂರದ ರಸ್ತೆಯಲ್ಲಿ, ಒಂಬತ್ತು ಜನ ಕೈಕೈ ಹಿಡಿದುಕೊಂಡಂತೆ, ಅವಸರವಿಲ್ಲದೆ ನಡೆದು ಬರುತ್ತಿತ್ತು. ಕೆಲವು ವರ್ಷ ಅದು ಬಹಳ ದೂರವಿರುತ್ತಿತ್ತು. ಆಮೇಲೆ ಮುಖ ಕಾಣುವಷ್ಟು ಹತ್ತಿರ ಬಂತು.

ಅಷ್ಟರಲ್ಲಿ, ಆಕೆಯ ರಿಟೈರಿಗೆ ಇನ್ನೂ ನಾಲ್ಕು ವರ್ಷವಿರುವಾಗ, ಒಂದು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದ ಗಂಡ ಮೇಲೇಳಲಿಲ್ಲ. ಕಾಯ್ತೀನಿ ಎಂದು ಮಾತು ಕೊಟ್ಟವರೇ ಮಾತು ತಪ್ಪಿದರು ಎಂದು ನಂಬರಮ್ಮನಿಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಅಳು ಆಮೇಲೆ ಬಂತು, ಬಂದದ್ದು ಬೇಗ ಹೋಗಲೂ ಇಲ್ಲ. ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಾಗ ಮೆಷಿನ್ನಿನ ಹಿಂದಿನ ಗೋಡೆಯ ಮೇಲೆ ಆತ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದ, ಆ ನಂಬರು ಬರುವ ದಿನದ ಲೆಕ್ಕ ಕಂಡಿತು. ಮೆಷಿನ್ನು ಕೆಟ್ಟು ನಿಂತಾಗಲೆಲ್ಲ ಹಳೆಯ ತಾರೀಖು ಹೊಡೆದು ಹಾಕಿ ಹೊಸ ತಾರೀಖು. ಆ ದಿನದಿಂದ ತಾರೀಖು ತಿದ್ದುವ ಕೆಲಸ ಆಕೆಯದಾಯಿತು. ಒಂದು ಆಸೆ ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು: ಆ ಟಿಕೆಟ್ಟನ್ನು ತನ್ನ ಕೈಯಲ್ಲಿ ಹಿಡಿಯಬೇಕು. ಮೊದಲ ಸಲ ಹರಿದ ಕೈ ಇದೇ ತಾನೇ.

ಆದರೆ ಐವತ್ತೆಂಟಕ್ಕೆ ರಿಟೈರಾಗಬೇಕು. ತಾರೀಖು ತಳ್ಳುತ್ತ ತಳ್ಳುತ್ತ ಕೊನೆಗೆ ಬಂದು ನಿಂತದ್ದು ಆಕೆಯ ಕೊನೆಯ ದಿನದ ಮಧ್ಯಾಹ್ನ ನಾಲ್ಕೂಕಾಲಿಗೆ. ಐದಕ್ಕೆ ಬೆಲ್ಲು. ಮೂವತ್ತಾರೂವರೆ ವರ್ಷ ಕಾದದ್ದಕ್ಕೆ ಮುಕ್ಕಾಲು ಗಂಟೆ ಮಿಗುತ್ತಿತ್ತು, ಅಷ್ಟೆ.

ಆ ದಿನ ಬೆಳಿಗ್ಗೆ ಎಂಟೂವರೆಗೆ ಮೆಷಿನ್ನು ಹೊರಟಿತು. ಈಗ ಅದನ್ನು ನಡೆಸುತ್ತಿದ್ದವನು ಎಣ್ಣೆಯಣ್ಣ. ಐವತ್ತು ದಾಟಿದ ಆಸಾಮಿ, ಕೈಯಲ್ಲಿ ಸದಾ ಎಣ್ಣೆಯ ಕುಪ್ಪಿ. ಎಲ್ಲಿ ಏನು ಕೀರೆಂದರೂ, ಕೊನೆಗೆ ಸೂಪರ್‌ವೈಸರನ ಕುರ್ಚಿ ಕೀರೆಂದರೂ, ಒಂದು ತೊಟ್ಟು ಬಿಡುತ್ತಿದ್ದ. ನಂಬರಮ್ಮನ ಗಂಡನ ಕೈಕೆಳಗೆ ಕೆಲಸ ಕಲಿತವನು, ಆಕೆಯನ್ನು ಅಕ್ಕ ಎನ್ನುತ್ತಿದ್ದ. ನಂಬರಿನ ಕತೆ ಅವನಿಗೂ ಗೊತ್ತು.

ಹನ್ನೊಂದಕ್ಕೆ ಮೆಷಿನ್ನಿನ ಬೆಲ್ಟು ಕಿತ್ತುಹೋಯಿತು.

ಎಣ್ಣೆಯಣ್ಣ ಹೊಸ ಬೆಲ್ಟು ಹಾಕುವಷ್ಟರಲ್ಲಿ ಹನ್ನೆರಡಾಯಿತು. ನಂಬರಮ್ಮ ಕೂತಲ್ಲೇ ಲೆಕ್ಕ ಹಾಕಿದಳು. ನಿಮಿಷಕ್ಕೆ ಎಪ್ಪತ್ತೈದು ಟಿಕೆಟ್ಟು, ನಡುವೆ ಊಟದ ಅರ್ಧ ಗಂಟೆ. ಐದಕ್ಕೆ ಬೆಲ್ಲು ಹೊಡೆಯುವಾಗ ಇನ್ನೂ ಸಾವಿರದ ಇನ್ನೂರು ಚಿಲ್ಲರೆ ಟಿಕೆಟ್ಟು ಬಾಕಿ ಉಳಿಯುತ್ತದೆ. ಆ ನಂಬರು ನಾಳೆ ಬೆಳಿಗ್ಗೆ ಬರುತ್ತದೆ, ಈ ಮೇಜಿಗೆ, ಬೇರೆ ಯಾರದೋ ಹೆಬ್ಬೆರಳಿಗೆ.

"ಎಷ್ಟು ಕಡಿಮೆ ಬೀಳುತ್ತಕ್ಕಾ?" ಎಂದ ಎಣ್ಣೆಯಣ್ಣ.

"ಹದಿನಾರು ನಿಮಿಷ."

"ಥೂ, ಹದಿನಾರು ನಿಮಿಷಕ್ಕೆ ಇಷ್ಟು ಸಣ್ಣ ಮುಖ ಮಾಡ್ಕೊಂಡ್ರಾ?" ಎಂದು ಹೋದ.

ಊಟದ ನಂತರ ಮೆಷಿನ್ನಿನ ಸದ್ದು ಬದಲಾದದ್ದು ಆಕೆಗೆ ಕೇಳಿಸಿತು. ಎಪ್ಪತ್ತೈದರ ತಟಕ್ ಅಲ್ಲ ಇದು, ಎಂಬತ್ತು ದಾಟಿದೆ. ಎಣ್ಣೆಯಣ್ಣ ವೇಗ ಏರಿಸಿ, ಚಕ್ರಗಳು ಸಿಕ್ಕಿಕೊಳ್ಳಬಾರದೆಂದು ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತ ಪಕ್ಕದಲ್ಲೇ ನಿಂತಿದ್ದ. ಹಾಗೆ ಓಡಿಸಬಾರದು. ಆಕೆ ಎದ್ದು ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ಬಿಸಿಲು ಮೇಜಿನ ಕಾಲಿನಿಂದ ಮೇಜಿನ ಮೇಲಕ್ಕೆ ಹತ್ತಿತು. ಕಟ್ಟುಗಳು ಬಂದವು, ಹೋದವು. ಮೂವತ್ತೆಂಟು ಕೋಟಿ ಹದಿನಾರು ಲಕ್ಷದ ನಲವತ್ತು ಸಾವಿರ, ನಲವತ್ತೈದು ಸಾವಿರ, ಐವತ್ತು ಸಾವಿರ. ದೂರದ ರಸ್ತೆಯಲ್ಲಿ ಕೈಕೈ ಹಿಡಿದುಕೊಂಡು ಬರುತ್ತಿದ್ದವರ ಹೆಜ್ಜೆ ಸಪ್ಪಳ ಈಗ ಬಾಗಿಲಲ್ಲೇ ಕೇಳಿಸುತ್ತಿತ್ತು. ಒಂದೆರಡು ಸಲ ಕಣ್ಣು ಮಂಜಾಯಿತು, ಒರೆಸಿಕೊಂಡಳು.

ಐದಕ್ಕೆ ಒಂದು ನಿಮಿಷವಿರುವಾಗ ಐವತ್ನಾಲ್ಕು ಸಾವಿರದ ಏಳುನೂರ ಒಂದರಿಂದ ಎಂಟುನೂರರವರೆಗಿನ ಕಟ್ಟು ಬಂತು. ತಂದವನು ಎಣ್ಣೆಯಣ್ಣನೇ. ಹಿಂದೆಯೇ ಸೂಪರ್‌ವೈಸರ್. ಈತ ಮೂವತ್ತೈದರ ಕಟ್ಟುನಿಟ್ಟಿನ ಮನುಷ್ಯ, ರೂಲಿನ ಪುಸ್ತಕವನ್ನು ಬಾಯಿಪಾಠ ಮಾಡಿದವನು. ಇಬ್ಬರೂ ಮೇಜಿನ ಪಕ್ಕ ನಿಂತರು. ನಂಬರಮ್ಮ ಹೆಬ್ಬೆರಳು ಆಡಿಸಿದಳು, ಇಪ್ಪತ್ತೊಂಬತ್ತನೆಯದಕ್ಕೆ ಬೆರಳು ತಾನಾಗಿ ನಿಂತಿತು.

381654729. ಒಂಬತ್ತರ ಮೇಲೆ ಒಂದು ದುಂಡನೆಯ ಎಣ್ಣೆಯ ಕಲೆ. ಮಸಿ ಹರಡಿ ಅಂಕಿ ಕಲಸಿಹೋಗಿತ್ತು.

ಬೆಲ್ಲು ಹೊಡೆಯಿತು. ಎಣ್ಣೆಯಣ್ಣ ಕುಪ್ಪಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ.

"ಅಕ್ಕಾ, ನನ್ನ ಕೈ ಸೇದಿ ಹೋಗ..."

"ಸುಮ್ನಿರೋ" ಎಂದಳು ನಂಬರಮ್ಮ. "ನೀನು ಓಡಿಸದೆ ಇದ್ದಿದ್ರೆ ಇದರ ಮುಖಾನೇ ನೋಡ್ತಿರಲಿಲ್ಲ."

ಆಗ ಎಣ್ಣೆಯಣ್ಣನಿಗೆ ಒಂದು ದಾರಿ ಹೊಳೆಯಿತು. "ಅಕ್ಕಾ, ಒಳ್ಳೇದೇ ಆಯ್ತಲ್ಲ! ಕೆಟ್ಟಿದೆ. ಮುದ್ರೆ ಒತ್ತಿ ಹೊಸದು ಕಟ್ಟಿಗೆ ಹಾಕಿ, ಇದನ್ನ ಹಂಗೇ ಇಟ್ಕೊಳ್ಳಿ. ಯಾರು ಕೇಳ್ತಾರೆ?"

ಕೇಳಬೇಕಾದವನು ಸೂಪರ್‌ವೈಸರ್. ಆತ ಗಂಟಲು ಸರಿಮಾಡಿಕೊಂಡು, ಬೆನ್ನು ತಿರುಗಿಸಿ, ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸೂಚನೆಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಆ ಬೋರ್ಡನ್ನು ಅಷ್ಟು ಹೊತ್ತು ಓದಿದವರು ಪ್ರೆಸ್ಸಿನ ಚರಿತ್ರೆಯಲ್ಲೇ ಯಾರೂ ಇಲ್ಲ.

ನಂಬರಮ್ಮ ಖಾಲಿ ಟಿಕೆಟ್ಟು ತೆಗೆದಿಟ್ಟುಕೊಂಡಳು. ಕೈಮುದ್ರೆ ಎತ್ತಿಕೊಂಡು ಎಡಗಡೆಯಿಂದ ಚಕ್ರ ತಿರುಗಿಸತೊಡಗಿದಳು. ಮೂರು. ಮೂರು, ಎಂಟು. ಎರಡರಿಂದ ಭಾಗ ಹೋಗುತ್ತದೆ. ಮೂರು, ಎಂಟು, ಒಂದು. ಬೆರಳ ತುದಿಗೆ ಹಲ್ಲುಗಳು ಒಂದೊಂದಾಗಿ ತಾಕಿದವು. ಕಡ್ಡಿಯಂಥ ಮೈಯವರೊಬ್ಬರು ಮೇಜಿನ ತುದಿಯಲ್ಲಿ ಕೂತು ಕಾಲು ಆಡಿಸುತ್ತಿದ್ದರು. ಆರು. ಐದು, ನಡುಮಧ್ಯದಲ್ಲಿ. ನಾಲ್ಕು, ಇಲ್ಲಿಗೆ ಮಗಳು ನಿದ್ದೆ ಹೋಗುತ್ತಿದ್ದಳು. ಏಳು, ಯಾರ ಮಾತನ್ನೂ ಕೇಳದ ಏಳು. ಎರಡು. ಒಂಬತ್ತು. ಮೆಷಿನ್ನಿನ ಒಂಬತ್ತು ಚಕ್ರಗಳನ್ನು ಅವತ್ತು ಆತ ಹೀಗೇ ಒಂದೊಂದಾಗಿ ತಿರುಗಿಸಿರಬೇಕು, ತನಗೆ ತೋರಿಸಬೇಕೆಂದೇ. ಇಷ್ಟು ವರ್ಷದಲ್ಲಿ ಇದು ಆಕೆಗೆ ಹೊಳೆದದ್ದೇ ಇವತ್ತು. ಮುದ್ರೆ ಒತ್ತಿದಳು. ಹೊಸ ಟಿಕೆಟ್ಟನ್ನು ಕಟ್ಟಿನಲ್ಲಿ ಇಪ್ಪತ್ತೆಂಟರ ಕೆಳಗೆ, ಮೂವತ್ತರ ಮೇಲೆ ಇಟ್ಟು ದಾರ ಬಿಗಿದಳು.

ಎಣ್ಣೆಯ ಟಿಕೆಟ್ಟು ಕೈಯಲ್ಲಿ ಉಳಿಯಿತು. ಇಟ್ಟುಕೊಳ್ಳಬೇಕೆಂದು ಆಸೆಯಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದೇ ನಂಬರು ಕಟ್ಟಿನಲ್ಲೂ ಇತ್ತು, ತನ್ನ ಅಂಗೈಯಲ್ಲೂ ಇತ್ತು. ಇದ್ರಲ್ಲಿ ಸುಳ್ಳು ಯಾವುದಮ್ಮ?

"ಹರೀಲೇಬೇಕು ಕಣೋ" ಎಂದಳು.

ಈ ಸಲ ಅಡ್ಡಕ್ಕೂ ಉದ್ದಕ್ಕೂ ಹರಿಯಲಿಲ್ಲ. ಕೊನೆಯಿಂದ ಶುರು ಮಾಡಿದಳು. ಮೊದಲು ಎಣ್ಣೆಯ ಒಂಬತ್ತನ್ನು ಹರಿದಳು. ಉಳಿದದ್ದು ಎಂಟರಿಂದ ಭಾಗ ಹೋಗುತ್ತದೆ. ಆಮೇಲೆ ಎಪ್ಪತ್ತೆರಡನ್ನು ಹರಿದಳು; ಉಳಿದದ್ದು ಆರರಿಂದ. ಆಮೇಲೆ ಐವತ್ನಾಲ್ಕನ್ನು. ಮೂರು ಸಲ ಹರಿದದ್ದಕ್ಕೆ ನಾಲ್ಕು ತುಂಡಾಯಿತು, ರೂಲಿನಲ್ಲಿ ಹೇಳಿದಷ್ಟೇ.

ಸೂಪರ್‌ವೈಸರ್ ಬೋರ್ಡು ಓದಿ ಮುಗಿಸಿ ತಿರುಗಿದ. ಮೇಜಿನ ಮೇಲಿನ ತುಂಡುಗಳನ್ನು ನೋಡಿದ. "ಹರೀಬೇಕು ಅಂತ ರೂಲಿದೆ ಮೇಡಂ" ಎಂದ. "ಹರಿದಿದ್ದನ್ನ ಎಲ್ಲಿ ಹಾಕ್ಬೇಕು ಅಂತ ಇಲ್ಲ."

"ಇದೆ. ಡಬ್ಬಕ್ಕೆ ಹಾಕ್ಬೇಕು ಅಂತ ನೀವೇ ಬೋರ್ಡು ಬರೆಸಿದ್ದೀರಿ."

"ನನಗೆ ನೆನಪಿಲ್ಲ" ಎಂದ ಆ ಬಾಯಿಪಾಠದ ಮನುಷ್ಯ. ನಂಬರಮ್ಮ ಆಗ ನಕ್ಕಳು. ಎಪ್ಪತ್ತೆರಡರ ತುಂಡನ್ನು ಅವನ ಜೇಬಿಗೆ ಹಾಕಿದಳು. ಎಣ್ಣೆಯ ಒಂಬತ್ತನ್ನು ಎಣ್ಣೆಯಣ್ಣನ ಕೈಗಿಟ್ಟು, "ನಿನ್ನ ಸ್ವತ್ತು, ನೀನೇ ಇಟ್ಕೋ" ಎಂದಳು. ಅವನು ಕುಪ್ಪಿಯ ಮುಚ್ಚಳ ತಿರುಗಿಸುತ್ತ ನಿಂತ. ಐವತ್ನಾಲ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು, ಅದು ಮಗಳಿಗೆ. ಉಳಿದ ತುಂಡನ್ನು ಕನ್ನಡಕದ ಡಬ್ಬಿಯಲ್ಲಿಟ್ಟಳು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಪಕ್ಕದ ಸೀಟು ಖಾಲಿಯಿತ್ತು. ಕಂಡಕ್ಟರ್ ಬಂದು, "ಒಂದೇನಾ ಅಮ್ಮ?" ಎಂದ. "ಒಂದೇ ಕಣಪ್ಪ" ಎಂದಳು. ಅವನು ಕೊಟ್ಟ ಟಿಕೆಟ್ಟಿನ ನಂಬರನ್ನು ಅಭ್ಯಾಸಬಲದಿಂದ ನೋಡಿದಳು. ಹೋದ ತಿಂಗಳು ತಾನೇ ದಾಟಿಸಿದ್ದ ಕಟ್ಟಿನದು. ಹೊರಗೆ ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಕನ್ನಡಕದ ಡಬ್ಬಿ ತೆರೆದಳು. ಮೂರು, ಎಂಟು, ಒಂದು, ಆರು. ನಾಲ್ಕರಿಂದ ಭಾಗಿಸಿದಳು. ಒಂಬೈನೂರ ಐವತ್ನಾಲ್ಕು ಬಂತು, ಶೇಷ ಸೊನ್ನೆ. ಇನ್ನೊಮ್ಮೆ ಭಾಗಿಸಿದಳು, ಮತ್ತೂ ಅಷ್ಟೇ ಬಂತು.

ಇಳಿಯುವ ಸ್ಟಾಪು ದಾಟಿಹೋಗಿತ್ತು. ಆಕೆ ಏಳಲಿಲ್ಲ. ಆ ತುಂಡನ್ನು ಖಾಲಿ ಸೀಟಿನ ಕಡೆ ಹಿಡಿದು, ಕಂಡಕ್ಟರ್ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದಳು:

"ಬಂತು ರೀ. ನಡ್ಕೊಂಡೇ ಬಂತು."